ಹುಲ್ಲಪ್ಪನ ಪ್ಲೇಟು

ರೇಣವ್ವ ಅಕ್ಕೋರು ಹಾಡಿನ ಪ್ಲೇಟು ಹಚ್ಚುವ ಮಶಿನ್ನು ಕೊಳ್ಳುತ್ತಾರಂತೆ ಎಂಬ ಸುದ್ದಿ ಹುನಗುಂದದ ತುಂಬ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. ಬೇಕಾಗುವುದಾದರೂ ಹೇಗೆ? ಅವಳ ಗಂಡ ಬಂಡೆಪ್ಪ ಸರಕಾರಿ ಬಸ್ಸಿನ ಕಂಡಕ್ಟರು. ಇಳಕಲ್ಲಿನಿಂದ ಬಾಗಲಕೋಟೆಗೆ ದಿನಕ್ಕೆರಡು ಸಲ ಹೋಗಿಬರುವ ಆಸಾಮಿ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ಟಿಕೀಟು ಹರಿಯುತ್ತ ಹರಿಯುತ್ತಲೇ ಮನೆಯ ಸಂಗತಿಯನ್ನೆಲ್ಲ ಊರೂರಿಗೆ ಇಳಿಸಿ ಬರುತ್ತಿದ್ದ.

ಅದು ಸಾವಿರದ ಒಂಬೈನೂರ ಎಂಬತ್ತಮೂರು. ಉಳ್ಳವರೆಲ್ಲ ಟೇಪ್ ರಿಕಾರ್ಡರಿನ ಬೆನ್ನು ಹತ್ತಿದ್ದರು. ರೇಣವ್ವ ಕಲಿಸುತ್ತಿದ್ದ ಶಾಲೆಯ ಹೆಡ್ ಮಾಸ್ತರು ಕೂಡ, "ಅಕ್ಕೋರ, ಈಗ ಯಾರ ಪ್ಲೇಟ ಹಚ್ತಾರ್ರಿ? ಒಂದ ಟೇಪ್ ತಗೊಂಡ ಬಿಡ್ರಿ" ಎಂದು ಬುದ್ಧಿ ಹೇಳಿದರು. ರೇಣವ್ವ ನಕ್ಕಳು. ಟೇಪಿನಲ್ಲಿ ಅಪ್ಪ ಎಲ್ಲಿ ಸಿಗಬೇಕು?

ಅಪ್ಪ ಇದ್ದದ್ದು ಒಂದೇ ಒಂದು ಪ್ಲೇಟಿನಲ್ಲಿ. ಕರ್ರಗಿನ, ಅರಗಿನ, ಕೈಜಾರಿದರೆ ಹಂಚಿನಂತೆ ಒಡೆಯುವ ಹಳೆಯ ಕಾಲದ ಪ್ಲೇಟು. ಹುಲ್ಲಪ್ಪ ಘಟಪ್ರಭಾ ಹೊಳೆಯ ಆಚೆ ದಂಡೆಯವನು, ಬೀರಪ್ಪ ದೇವರ ಒಕ್ಕಲು, ಕುರಿ ಕಾಯ್ದುಕೊಂಡು ಡೊಳ್ಳಿನ ಮೇಳದಲ್ಲಿದ್ದವನು. ಮುಂಬಯಿ ಕಡೆಯ ಯಾವುದೋ ಕಂಪನಿಯವರು ಹುಬ್ಬಳ್ಳಿಯಲ್ಲಿ ಮನೆ ಹಿಡಿದು, ಸುತ್ತಿನ ಹಾಡುಗಾರರನ್ನೆಲ್ಲ ಕರೆಸಿ ಪ್ಲೇಟು ಮಾಡಿಕೊಂಡು ಹೋದಾಗ ಈ ಮೇಳವೂ ಹೋಗಿತ್ತು. ಆಮೇಲೆ ಮೇಳದವರಿಗೆ ಒಂದೊಂದು ಪ್ಲೇಟು ಬಂತು. ಮರುವರ್ಷದ ಮಳೆಗಾಲದಲ್ಲಿ ಕುರಿಗಳನ್ನು ಹೊಳೆ ದಾಟಿಸಲು ಇಳಿದ ಹುಲ್ಲಪ್ಪ ಈಚೆ ದಂಡೆಗೆ ಹತ್ತಲಿಲ್ಲ. ರೇಣವ್ವನಿಗೆ ಆಗ ಹತ್ತು ತಿಂಗಳು. ತಾಯಿ ಪದ್ಮವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಪ್ಲೇಟನ್ನು ಕಂಬಳಿಯ ತುಂಡಿನಲ್ಲಿ ಸುತ್ತಿಕೊಂಡು ತುಳಸಿಗೇರಿಯ ಹತ್ತಿರದ ತವರಿಗೆ ಬಂದುಬಿಟ್ಟಳು. ಫೋಟೋ ಗೀಟೋ ಏನೂ ಇರಲಿಲ್ಲ.

ತವರೂರಿನಲ್ಲಿ ಹುಲ್ಲಪ್ಪನನ್ನು ಕಂಡವರೇ ಕಡಿಮೆ, ಅವನ ಮೇಳದ ಹಾಡು ಕೇಳಿದವರಂತೂ ಇಲ್ಲವೇ ಇಲ್ಲ. ಗೌಡರ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮೋಫೋನಿತ್ತು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಪದ್ಮವ್ವ ಪ್ಲೇಟು ಒಯ್ದು ಕೊಟ್ಟರೆ ಗೌಡರು ದೊಡ್ಡ ಮನಸ್ಸು ಮಾಡಿ ಹಚ್ಚುತ್ತಿದ್ದರು. ಡೊಳ್ಳಿನ ಸದ್ದು, ಅದರ ಮೇಲೆ ಕರಕರ ಕರಕರ, ಅದನ್ನೆಲ್ಲ ಸೀಳಿಕೊಂಡು ಒಂದು ಗಂಡು ದನಿ ಏರಿ ಬರುತ್ತಿತ್ತು. "ಇದ ಯಾರ ಪ್ಲೇಟವ್ವ?" ಎಂದು ಐದು ವರ್ಷದ ರೇಣವ್ವ ಕೇಳಿದ್ದಳು. "ಅವರ ಪ್ಲೇಟು" ಎಂದಿದ್ದಳು ಪದ್ಮವ್ವ. ಗಂಡನ ಹೆಸರನ್ನು ಬಾಯಲ್ಲಿ ತರುವ ಪೈಕಿ ಅಲ್ಲ ಅವಳು. ಮಗಳಿಗೆ ಅಷ್ಟು ಸಾಕಾಯಿತು. "ನಮ್ಮಪ್ಪ ಹಾಡ್ಯಾನ! ನಮ್ಮಪ್ಪ ಹಾಡ್ಯಾನ!" ಎಂದು ಗೌಡರ ಅಂಗಳದ ತುಂಬ ಕುಣಿದಳು. ಅಂದಿನಿಂದ ಊರಿನ ಬಾಯಲ್ಲಿ ಅದು ಹುಲ್ಲಪ್ಪನ ಪ್ಲೇಟು.

ಮುಂದೆ ಅಕ್ಷರ ಬಂದ ಮೇಲೆ ರೇಣವ್ವ ಪ್ಲೇಟಿನ ನಡುವಿನ ಕಾಗದ ಓದಲು ನೋಡಿದಳು. ಹೆಸರಿನ ಮುಂಭಾಗ ಕಿತ್ತುಹೋಗಿತ್ತು. ಉಳಿದದ್ದು ಇಷ್ಟೇ: "ಪ್ಪ ಮತ್ತು ಸಂಗಡಿಗರು." ಹುಲ್ಲಪ್ಪನ ಪ್ಪ ಕಣ್ಣೆದುರಿಗೇ ಇತ್ತಲ್ಲ, ಇನ್ನೇನು ಬೇಕು? ಅವಳ ಕಂಠವೂ ಚೆನ್ನಾಗಿತ್ತು. ಟ್ರೇನಿಂಗ್ ಕಾಲೇಜಿನಲ್ಲಿ ಹಾಡಿ ಬಹುಮಾನ ತಂದಾಗ, "ಅಪ್ಪನ ದನಿ ಇಳಿದೈತಿ ಹುಡುಗಿಗೆ" ಎಂದು ಊರವರು ಹೊಗಳಿದರು. ಆ ಮಾತನ್ನು ಅವಳು ಮೈಮೇಲಿನ ಒಡವೆಯ ಹಾಗೆ ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಗೌಡರ ಗ್ರಾಮೋಫೋನಿನ ಸ್ಪ್ರಿಂಗು ಮುರಿದು ಇಪ್ಪತ್ತೆರಡು ವರ್ಷವಾಗಿತ್ತು, ಅಲ್ಲಿಂದೀಚೆಗೆ ಪ್ಲೇಟು ಟ್ರಂಕು ಬಿಟ್ಟು ಮೇಲೆದ್ದಿರಲಿಲ್ಲ. ಈಚೀಚೆಗೆ ಅಪ್ಪನ ದನಿಯನ್ನು ನೆನೆಸಿಕೊಳ್ಳಲು ಹೋದರೆ ತನ್ನ ದನಿಯೇ ಕೇಳಿಸುತ್ತಿತ್ತು. ಇದ್ದದ್ದೊಂದು ದನಿ, ಅದೂ ಕೈಬಿಟ್ಟು ಹೋಗುತ್ತಿದೆಯಲ್ಲ ಎಂದು ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಮಶಿನ್ನು ಬೇಕಾಗಿದ್ದು ಅದಕ್ಕೆ.

ಬಂಡೆಪ್ಪನ ಲೆಕ್ಕ ಬೇರೆ. ಅವನಿಗೆ ಸಿನೇಮಾ ಹಾಡಿನ ಹುಚ್ಚು. ಮಶಿನ್ನಿನ ಮಾತು ಎದ್ದ ಕೂಡಲೇ ಹುಬ್ಬಳ್ಳಿಗೆ ಹೋಗಿ ಎರಡು ದೊಡ್ಡ ಎಲ್‌ಪಿ ಪ್ಲೇಟು ತಂದು, ಹಚ್ಚಲು ಏನೂ ಇಲ್ಲದ್ದರಿಂದ ರಟ್ಟಿನ ಮೇಲಿನ ಚಿತ್ರ ನೋಡಿಕೊಂಡೇ ಎರಡು ತಿಂಗಳು ಕಳೆದಿದ್ದ.

ಅವನ ರಜೆಯ ದಿನ ನೋಡಿ ಮೂವರೂ ಬಾಗಲಕೋಟೆಗೆ ಹೋದರು. ಮೂವರೂ ಎಂದರೆ ಪದ್ಮವ್ವನೂ ಸೇರಿ. ಅರವತ್ತು ದಾಟಿದ ಮುದುಕಿ, ಈಗ ಮಗಳ ಮನೆಯಲ್ಲೇ ಇದ್ದವಳು. ದವಾಖಾನೆಗೆ ಕರೆದರೂ ಮನೆಯ ಹೊಸ್ತಿಲು ದಾಟದವಳು ಅಂದು ಎಲ್ಲರಿಗಿಂತ ಮೊದಲು ತಯಾರಾಗಿ, ಪ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಬೇರೆ ಯಾರ ಕೈಗೂ ಕೊಡಲಿಲ್ಲ.

ರೇಡಿಯೋ ಅಂಗಡಿಯ ರಾಚಪ್ಪ ಮಾತಿನ ಮಲ್ಲ. ಅಕ್ಕೋರನ್ನು ಕುರ್ಚಿಯ ಮೇಲೆ, ಅವ್ವನನ್ನು ಫ್ಯಾನಿನ ಕೆಳಗೆ ಕೂಡಿಸಿ, ಮೊದಲು ಒಂದು ಸ್ಟೀರಿಯೋ ತೋರಿಸಿದ. ಎರಡು ದೊಡ್ಡ ಪೆಟ್ಟಿಗೆ, ಗಾಜಿನಂಥ ಮುಚ್ಚಳ, ಬೆಳ್ಳಿ ಬಣ್ಣದ ಕೈ. ಬಂಡೆಪ್ಪನ ಎಲ್‌ಪಿ ಹಚ್ಚಿದಾಗ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಬಂಡೆಪ್ಪನ ಮುಖದಲ್ಲಿ ಹುಣ್ಣಿಮೆ.

"ಈಗ ನಮ್ಮಪ್ಪಂದ ಹಚ್ರಿ" ಎಂದಳು ರೇಣವ್ವ.

ರಾಚಪ್ಪ ಪ್ಲೇಟು ನೋಡಿ ತುಸು ತಡವರಿಸಿದ, ಆದರೂ ಹಚ್ಚಿದ. ಡೊಳ್ಳು ದೊಪ್... ದೊಪ್... ಎಂದು ಒಂದೊಂದೇ ಬಿದ್ದವು. ಹಾಡುವ ದನಿ ಪಾತಾಳಕ್ಕೆ ಇಳಿದು ಅಲ್ಲೇ ತೆವಳತೊಡಗಿತು.

"ಮಾವಗ ಜ್ವರ ಬಂದಾಗ ಹಾಡಿಸ್ಯಾರೇನ್ಲೇ ಇದನ್ನ?" ಎಂದ ಬಂಡೆಪ್ಪ.

"ಹಂಗಲ್ರಿ" ಎಂದು ರಾಚಪ್ಪ ತಿಳಿಸಿ ಹೇಳಿದ. "ಈ ಹಳೇ ಪ್ಲೇಟ ಭಾಳ ಜೋರ ಓಡ್ತಾವು. ನಿಮಿಷಕ್ಕ ಎಪ್ಪತ್ತೆಂಟ ಸುತ್ತು. ಇದಕ್ಕ ಇರೂದ ಎರಡ ಓಟ, ಮೂವತ್ಮೂರು, ನಲವತ್ತೈದು. ಹೊಸಾ ಮಶಿನ್‌ದಾಗ ಎಪ್ಪತ್ತೆಂಟ ಹಾಕೂದ ಬಿಟ್ಟಾರ್ರಿ ಈಗ. ತಡೀರಿ, ನಮ್ಮ ಕಡೆ ಹಳೇ ಮಾಲ ಒಂದ ಐತಿ."

ಒಳಗಿನಿಂದ ಸೂಟ್‌ಕೇಸಿನಂಥ ಒಂದು ಕೆಂಪು ಪೆಟ್ಟಿಗೆ ತಂದು ಧೂಳು ಒರೆಸಿದ. ಮುಚ್ಚಳದಲ್ಲೇ ಸ್ಪೀಕರು. ನಾಲ್ಕು ಓಟದ ಗುಂಡಿ. ಎಪ್ಪತ್ತೆಂಟಕ್ಕೆ ತಿರುಗಿಸಿ ಪ್ಲೇಟಿನ ಮೇಲೆ ಮುಳ್ಳು ಇಟ್ಟ.

ಮತ್ತೆ ಬಂತು ಆ ದನಿ. ಅದೇ, ಗೌಡರ ಅಂಗಳದ್ದು. ದುಂಡಗೆ, ಎತ್ತರಕ್ಕೆ, ಡೊಳ್ಳಿನ ಮೇಲೆ ಕೈಯೂರಿ ಹತ್ತಿದ ಹಾಗೆ. ರೇಣವ್ವ ನಾಲ್ಕು ಜನರ ಎದುರಿಗೆ ಅಳಬಾರದು ಎಂದುಕೊಂಡಿದ್ದಳು. ಎರಡನೆಯ ನುಡಿ ಮುಗಿಯುವ ಮೊದಲೇ ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲೂ ಇಲ್ಲ. ಬಂಡೆಪ್ಪ ಕೂಡ ತಮಾಷೆ ಬಿಟ್ಟ.

"ಇದನ್ನ ಕಟ್ರಿ" ಎಂದಳು ರೇಣವ್ವ.

"ಬ್ಯಾಡ" ಎಂದಳು ಪದ್ಮವ್ವ.

ಮುದುಕಿ ಎದ್ದು ಬಂದು, ಕಿವಿಯನ್ನು ಪೆಟ್ಟಿಗೆಗೆ ಮುಟ್ಟುವಷ್ಟು ಹತ್ತಿರ ತಂದು, ಮುಖ ಗಂಟಿಕ್ಕಿಕೊಂಡು ನಿಂತಿದ್ದಳು. ಪ್ಲೇಟು ಮುಗಿಯುವವರೆಗೂ ಕೇಳಿ ತಲೆ ಅಲ್ಲಾಡಿಸಿದಳು. "ಇದರಾಗ ಇಲ್ಲ."

"ಏನಿಲ್ಲಬೇ?"

"ಅವರಿಲ್ಲ ಇದರಾಗ. ಒಲ್ಲೆ. ನಡೀರಿ ಹೋಗೂಣು."

"ಅಲ್ರಿ ಅವ್ವಾರ" ಎಂದ ರಾಚಪ್ಪ, "ದನಿ ಗಂಟಿ ಬಾರಿಸಿದಂಗ ಬರಾಕತ್ತೈತಲ್ರಿ!"

"ಬರಾಕತ್ತೈತಿ. ನಾ ಕಿವುಡಿ ಅಲ್ಲ. ಆದ್ರ ಅವರಿಲ್ಲ." ಅಷ್ಟು ಹೇಳಿ ಪ್ಲೇಟನ್ನು ಕಂಬಳಿಯಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡು ಬೀದಿಗೆ ಇಳಿದೇಬಿಟ್ಟಳು.

ಪ್ಲೇಟೇ ಹೊರಟುಹೋದ ಮೇಲೆ ಮಶಿನ್ನು ಕಟ್ಟಿಸಿ ಮಾಡುವುದೇನು? ರೇಣವ್ವ ಬಸ್ಸಿನಲ್ಲಿ ಕೂತು ಕುದ್ದುಹೋದಳು. ತಾನು ಅತ್ತದ್ದನ್ನು ಕಂಡೂ ಅವ್ವ ಹೀಗೆ ಮಾಡಬಹುದೇ? ವಯಸ್ಸಾಯಿತು, ಅರಳುಮರಳು ಎಂದುಕೊಳ್ಳೋಣವೆಂದರೆ ಮುದುಕಿ ಹಿಂದಿನ ಸೀಟಿನಲ್ಲಿ ಬಸ್ಸಿನ ಚಿಲ್ಲರೆ ಸರಿಯಾಗಿ ಎಣಿಸಿ ಗಂಟು ಹಾಕುತ್ತಿದ್ದಳು.

"ಅತ್ತಿ ಹೇಳೂದ್ರಾಗ ಏನೋ ಐತಿ ನೋಡು" ಎಂದು ಬಂಡೆಪ್ಪ ಕೆಣಕಿದ. "ಪ್ಪ ಅಂತ ಇದ್ದ ಮಾತ್ರಕ್ಕ ನಿಮ್ಮಪ್ಪನ ಅಂತೇನು? ಅಂಗಡಿ ರಾಚಪ್ಪನೂ ಪ್ಪ, ನಾನೂ ಪ್ಪ. ಈ ಸೀಮ್ಯಾಗ ಪ್ಪ ಇಲ್ಲದ ಗಂಡಸ ಯಾರದಾನ? ಒಂದ ವ್ಯಾಳೆ ನಾನ ಹಾಡಿರಬೇಕು."

ಅಮೀನಗಡ ಬರುವವರೆಗೆ ರೇಣವ್ವ ಅವನೊಡನೆ ಮಾತು ಬಿಟ್ಟಳು. ಅಮೀನಗಡದಲ್ಲಿ ಅವನು ಕರದಂಟು ತಂದು ಕೊಟ್ಟರೂ ತಿನ್ನಲಿಲ್ಲ. ಅವ್ವನನ್ನು ಕೇಳಿಯೇ ಬಿಡಬೇಕು ಎನಿಸಿತು, ಆದರೆ ಏನೆಂದು ಕೇಳುವುದು? ಅಪ್ಪನ ವಿಷಯದಲ್ಲಿ ಪದ್ಮವ್ವ ಎಂದೂ ನಾಲ್ಕು ಮಾತಿಗಿಂತ ಹೆಚ್ಚು ಆಡಿದವಳಲ್ಲ. ಚಿಕ್ಕವಳಿದ್ದಾಗ ಕೇಳಿದರೆ, "ಪ್ಲೇಟಿನ್ಯಾಗ ಅದಾರಲ್ಲ, ಕೇಳು" ಎನ್ನುತ್ತಿದ್ದಳು. ಕೇಳಿ ಕೇಳಿ ರೇಣವ್ವನೂ ಕೇಳುವುದನ್ನು ಬಿಟ್ಟಿದ್ದಳು.

ಹದಿನೈದು ದಿನ ಮನೆಯಲ್ಲಿ ಬಿಗುಮಾನ. ಆಮೇಲೆ ಬಂಡೆಪ್ಪನೇ ದಾರಿ ಹುಡುಕಿ ತಂದ. ಅವನ ಬಸ್ಸಿನ ಪ್ರಯಾಣಿಕನೊಬ್ಬ ಇಳಕಲ್ಲಿನ ಚಮನಸಾಬನ ಹೆಸರು ಹೇಳಿದ್ದನಂತೆ. ಚಮನಸಾಬ ಹಿಂದೆ ಮದುವೆ ಮುಂಜಿಗೆ ಲೌಡ್‌ಸ್ಪೀಕರ್ ಹಚ್ಚುತ್ತಿದ್ದವನು. ಸಾವಿರಾರು ಪ್ಲೇಟು ಅವನ ಕೈಯಲ್ಲಿ ಹಾಯ್ದುಹೋಗಿದ್ದವು. ಈಗ ಮುರಿದ ಮಶಿನ್ನುಗಳನ್ನು ಕೂಡಿಸಿ ಪ್ಲೇಟು ತಿರುಗಿಸುವ ತನ್ನದೇ ಟರ್ನ್‌ಟೇಬಲ್ ಮಾಡಿ ಕೊಡುತ್ತಾನೆ. "ಹಳೇ ಪ್ಲೇಟಂದ್ರ ಚಮನಸಾಬನ ಸೈ ಅಂದ್ರು. ಅತ್ತಿನ ಕರಕೊಂಡ ಹೋಗು. ಅಲ್ಲ್ಯೂ ಮಾವ ಸಿಗದಿದ್ರ ಪೊಲೀಸ್ ಠಾಣೆಗೆ ಹೋಗೂದ ಸೈ."

ಶಾಲೆಯ ಮುಂದಿನ ಸೂಟಿಯ ದಿನ ತಾಯಿ ಮಗಳು ಇಬ್ಬರೇ ಇಳಕಲ್ಲಿಗೆ ಹೋದರು. ಚಮನಸಾಬನ ಅಂಗಡಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಮಗ್ಗುಲಲ್ಲೇ ಇತ್ತು. ಹೊರಗೆ ಕಲ್ಲು ಕೊಯ್ಯುವ ಸದ್ದು, ಒಳಗೆ ತಂತಿ, ಬಲ್ಬು, ಬಿಚ್ಚಿಟ್ಟ ರೇಡಿಯೋಗಳ ಸಂತೆ. ನಡುವೆ ಒಂದು ವಸ್ತು ಮಾತ್ರ ಚೊಕ್ಕಟವಾಗಿ ಕೂತಿತ್ತು: ಕನ್ನಡಿಯಂತೆ ಹೊಳೆಯುವ ಕೆಂಪು ಇಳಕಲ್ ಕಲ್ಲಿನ ಚಪ್ಪಡಿ, ಅದರ ಮೇಲೆ ಪ್ಲೇಟು ತಿರುಗುವ ಭಾರದ ತಟ್ಟೆ.

"ಮಶಿನ್‌ಗೆ ಕಲ್ಲ ಯಾಕ್ರಿ?" ಎಂದು ರೇಣವ್ವ ಕೇಳಿದಳು.

"ಅಲುಗಬಾರದಲ್ರಿ ಅಕ್ಕೋರ" ಎಂದ ಚಮನಸಾಬ. ಬಿಳಿಗಡ್ಡ, ಮೂಗಿನ ತುದಿಗೆ ಚಷ್ಮಾ, ಅವಸರವೇ ಗೊತ್ತಿಲ್ಲದ ಕೈಗಳು. "ಕಟಿಗಿ ಪೆಟ್ಟಿಗಿ, ಪ್ಲಾಸ್ಟಿಕ್ ಪೆಟ್ಟಿಗಿ ಮೋಟರ ಜೋಡಿ ನಡಗ್ತಾವು. ಮುಳ್ಳಿಗೆ ಆ ನಡುಕಾನ ಕೇಳಸ್ತೈತಿ, ಸಣ್ಣ ದನಿ ಎಲ್ಲಾ ಅದರಾಗ ಮುಳಗಿ ಹೋಗ್ತಾವು. ಪಾಲಿಶ್‌ದವ್ರು ಅಂಚ ಒಡದದ್ದು ಅಂತ ಇದನ್ನ ಬಿಸಾಕಿದ್ರು. ನಾ ತಂದೆ. ಇದರ ಮ್ಯಾಲ ಕುಂತ್ರ ನಡಗೂ ಮಾತ ಇಲ್ಲ."

ಪದ್ಮವ್ವ ಪ್ಲೇಟು ಬಿಚ್ಚಿ ಕೊಟ್ಟಳು. ಚಮನಸಾಬ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಅರಿವೆಯನ್ನು ನೀರಿನಲ್ಲಿ ಹಿಂಡಿ, ಗೆರೆಯ ಗುಂಟ ಸುತ್ತಿ ಸುತ್ತಿ ಒರೆಸಿದ. ಅರಿವೆ ಕಪ್ಪಾಯಿತು. ಇನ್ನೊಂದು ಅರಿವೆ ತಗೊಂಡ. ಅದೂ ಕಪ್ಪಾಯಿತು. ಆಮೇಲೆ ಒಂದು ಡಬ್ಬಿ ತೆಗೆದು ಮುಳ್ಳು ಆರಿಸತೊಡಗಿದ. ಹಳೆಯ ಪ್ಲೇಟಿನ ಗೆರೆ ಅಗಲ, ಹೊಸದರ ಗೆರೆ ಸಣ್ಣ. ಹೊಸ ಮುಳ್ಳನ್ನು ಹಳೆಯ ಗೆರೆಗೆ ಇಟ್ಟರೆ ಅದು ತಳದ ಹೊಲಸಿನಲ್ಲಿ ಹೊರಳಾಡುತ್ತದೆ, ಗೋಡೆಗೆ ತಾಗುವುದೇ ಇಲ್ಲ, ದನಿ ಇರುವುದು ಗೋಡೆಯಲ್ಲಿ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ದಪ್ಪ ಮುಳ್ಳೊಂದನ್ನು ಕೂಡಿಸಿದ. ಎಲ್‌ಪಿ ಹಚ್ಚುವಾಗ ಬದಲಿಸಿಕೊಳ್ಳಲು ಸಣ್ಣ ಮುಳ್ಳು ಬೇರೆ ಕೊಡುತ್ತೇನೆಂದ. ಓಟ ಸರಿಪಡಿಸಲು ಒಂದು ತಿರುಪು ಇತ್ತು. ಅದನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಮಾಡಿ ಮುಳ್ಳು ಇಳಿಸಿದ.

ಕರಕರ ಇತ್ತು, ಆದರೆ ದೂರ ಎಲ್ಲೋ. ಡೊಳ್ಳಿನ ಚರ್ಮದ ಮೇಲೆ ಬೆರಳು ಬಿದ್ದದ್ದು ಬೇರೆ, ಕೋಲು ಬಿದ್ದದ್ದು ಬೇರೆ ಕೇಳಿಸಿತು. ತಾಳದ ಸದ್ದೂ ಇತ್ತು, ಇಷ್ಟು ವರ್ಷ ಅದು ಇದ್ದದ್ದೇ ರೇಣವ್ವನಿಗೆ ಗೊತ್ತಿರಲಿಲ್ಲ. ಹಾಡುವ ದನಿ ಎದ್ದಿತು.

"ಹೊಳಿಯ ದಂಡ್ಯಾಗ ಹಟ್ಟಿ ಹಾಕ್ಯಾನ ಒಡೆಯಾ..."

ಆ ಸಾಲಿನ ಬಾಲಕ್ಕೆ, ತುಸು ಹಿಂದಿನಿಂದ, ಇನ್ನೊಬ್ಬ ಗಂಡಸು ಅಂದ: "ಹೌದ್ಹೌದು!"

ಹಾಡಲ್ಲ ಅದು. ಎದುರಿಗೆ ಕೂತವನ ಮಾತಿಗೆ ತಲೆದೂಗಿದಂಥ ದನಿ. ಸ್ವಲ್ಪ ಒಡಕು, ಸ್ವಲ್ಪ ನಗೆ. ಮತ್ತೊಂದು ಸಾಲು. ಮತ್ತೆ, "ಹೌದ್ಹೌದು!"

ಪದ್ಮವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬೆರಳು ಎತ್ತಿ ತಿರುಗುವ ಪ್ಲೇಟಿನ ಕಡೆ ತೋರಿಸಿದಳು.

"ಅಗಾ, ನೋಡಲ್ಲಿ. ಬಂದ್ರು. ಅವರ ಅದು."

"ಯಾರು?"

"ಹೌದು ಅನ್ನಾಕತ್ತಾರಲ್ಲ, ಅವರು. ನಿಮ್ಮಪ್ಪ."

ರೇಣವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. "ಮತ್ತ ಹಾಡಾಕತ್ತಾಂವ ಯಾರಬೇ?"

"ಅಂವ ಅಮಾತೆಪ್ಪ. ಮೇಳದ ಹಿರ್ಯಾ. ಆ ಕಾಗದದಾಗ ಪ್ಪ ಪ್ಪ ಅಂತಿದ್ದೆಲ್ಲ, ಅದು ಅಮಾತೆಪ್ಪನ ಪ್ಪ. ಅವರು ಹಿಂದ ನಿಂತು ಹೌದು ಅನ್ನಾವ್ರು. ಮೇಳಕ್ಕೊಬ್ಬ ಹಂಗ ಬೇಕಾಗ್ತಾನ. ಹೌದು ಅನ್ನಾಂವ ಇಲ್ಲದಿದ್ರ ಹಾಡಾವ್ನ ಕಾಲ ಏಳೂದಿಲ್ಲ."

ಚಮನಸಾಬ ಮುಳ್ಳು ಎತ್ತಿದ.

ರೇಣವ್ವ ಬಹುಮಾನ ತಗೊಂಡ ದಿನ ವೇದಿಕೆಯ ಮೇಲೆ ನಿಂತು "ಇದು ನಮ್ಮ ತಂದೆಯವರ ಕಂಠ" ಎಂದಿದ್ದಳು. ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದಳು, ಎಷ್ಟು ಮನೆಗಳಲ್ಲಿ ಹೇಳಿದ್ದಳು. ಎಲ್ಲ ಯಾರೋ ಅಮಾತೆಪ್ಪನದು! "ನಲವತ್ತ ವರ್ಷ ನನಗ ಸುಳ್ಳ ಹೇಳಿದೇನಬೇ?"

"ನಾ ಎಲ್ಲಿ ಹೇಳೇನಿ?" ಎಂದಳು ಪದ್ಮವ್ವ. ಅವಳ ದನಿಯೂ ಏರಿತ್ತು. "ನೀ ಹೇಳಿದಿ. ನಾ ಸುಮ್ಮನಿದ್ದೆ. ಅಪ್ಪ ಇಲ್ಲದ ಕೂಸು, ನಮ್ಮಪ್ಪ ಹಾಡ್ಯಾನ ಅಂತ ಕುಣಿಯಾಕತ್ತಿ. ಅಲ್ಲ, ಅವರು ಹಿಂದ ನಿಂತಾವ್ರು, ಈ ಪ್ಲೇಟಿನ್ಯಾಗ ಅವರ ದನೀನೂ ಕೇಳೂದಿಲ್ಲ ಅಂತ ಹೆಂಗ ಹೇಳ್ಲಿ? ಗೌಡರ ಡಬ್ಬಿಯೊಳಗ ಒಂದ ದಿನಾನೂ ಅವರು ಸಿಗಲಿಲ್ಲ. ಹಬ್ಬಹಬ್ಬಕ್ಕ ಒಯ್ತಿದ್ದೆ. ನೀ ಅಮಾತೆಪ್ಪನ್ನ ಕೇಳಿ ನಗ್ತಿದ್ದಿ. ನಾ ಅವರನ್ನ ಹುಡುಕತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದ ವ್ಯಾಳೆ ಕಂಪನ್ಯಾವ್ರು ಅವರ ದನಿ ಬಿಟ್ಟ ಬಿಟ್ಟಾರೇನೋ ಅನಸ್ತಿತ್ತು. ಇವತ್ತ ಸಿಕ್ರು."

ರೇಣವ್ವ ಸ್ಟೂಲಿನ ಮೇಲೆ ಕೂತು ಕೈ ನೋಡಿಕೊಂಡಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಬಡತನ ಬಂದ ಹಾಗಾಗಿತ್ತು. ಬಂದಾಗ ಅಪ್ಪನದೊಂದು ಹಾಡಿತ್ತು. ಈಗ ಎರಡಕ್ಷರ, ಅದೂ ಬೇರೆಯವನ ಹಾಡಿನ ಬಾಲಕ್ಕೆ.

ಚಮನಸಾಬ ಅರಿವೆ ಮಡಚುತ್ತ ಹೇಳಿದ. "ಅಕ್ಕೋರ, ನಾ ವ್ಯಾಪಾರ ಮಾಡಾಕ ಹೇಳೂದಿಲ್ಲ. ನಿಮಗ ಹಾಡೋರ ದನಿ ಅಷ್ಟ ಬೇಕಂದ್ರ ಬಾಗಲಕೋಟ್ಯಾಗ ನೋಡಿ ಬಂದೇವಿ ಅಂದ್ರೆಲ್ಲ, ಅಂಥಾ ಪೆಟ್ಟಿಗಿ ಛಲೋ. ಅದರ ಮುಳ್ಳಿಗೆ ಹಿಂದಿನವರು ಸಿಗೂದಿಲ್ಲ. ಹಾಡ ದುಂಡಗ ಬರ್ತೈತಿ. ಕಿವಿಗೆ ಹಿತ."

ಅದು ನಿಜವಾದ ಮಾತು, ಮತ್ತು ಒಳ್ಳೆಯ ಮನಸ್ಸಿನಿಂದ ಬಂದದ್ದು. ರೇಣವ್ವ ಯೋಚಿಸಿದಳು. ಆ ಕೆಂಪು ಪೆಟ್ಟಿಗೆ ತಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಂಡೆಪ್ಪನಿಗೂ ಹೇಳಬೇಕಾಗಿಲ್ಲ. ಅಪ್ಪ ಮುಂದೆ ನಿಂತು ಹಾಡುತ್ತಲೇ ಇರುತ್ತಾನೆ, ತಾನು ಅವನ ಕಂಠ ಪಡೆದ ಮಗಳಾಗಿಯೇ ಇರುತ್ತೇನೆ. ಅವ್ವ ಸುಮ್ಮನಿರುತ್ತಾಳೆ, ಸುಮ್ಮನಿದ್ದು ಅವಳಿಗೆ ರೂಢಿಯಿದೆ. ಹಾಗೆ ಮಾಡಲು ಮನಸ್ಸು ಎಷ್ಟು ಹಾತೊರೆಯಿತೆಂದರೆ ಅವಳು ಎದ್ದು ಬಾಗಿಲವರೆಗೂ ಹೋದಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದರೆ ಪದ್ಮವ್ವ ನಿಂತುಹೋದ ಪ್ಲೇಟನ್ನೇ ನೋಡುತ್ತಿದ್ದಳು. ಸೆರಗು ಇನ್ನೂ ತಲೆಯ ಮೇಲೆಯೇ ಇತ್ತು.

"ಹಾಡೋರ ದನಿ ಸಣ್ಣದ ಮಾಡಿ, ಹಿಂದಿನವರದು ದೊಡ್ಡದ ಮಾಡಾಕ ಬರ್ತೈತೇನ್ರಿ?" ಎಂದು ರೇಣವ್ವ ಕೇಳಿದಳು.

"ಬರಂಗಿಲ್ರಿ. ಒಂದ ಗೆರ್ಯಾಗ ಇಬ್ಬರೂ ಅದಾರ. ಇವರನ್ನ ಕೇಳಬೇಕಂದ್ರ ಅವರನ್ನೂ ಕೇಳಬೇಕು."

"ಆಗ್ಲಿ. ಇದ ಇರ್ಲಿ. ಕಲ್ಲಿಂದ."

ಚಮನಸಾಬ ತಲೆದೂಗಿ, ಕೈ ಒರೆಸಿಕೊಂಡು ಟೋಪಿ ಹಾಕಿಕೊಂಡ. "ನಮಾಜಿನ ವ್ಯಾಳೆ ಆತು. ನಾ ಬಂದ ಕಟ್ಟಿ ಕೊಡ್ತೇನಿ. ನೀವ ಹಚ್ಚಿಕೊಂಡ ಕೇಳಕೋತ ಕೂಡ್ರಿ, ನಿಮ್ಮದ ಮಶಿನ್ ಅದು." ಮುಳ್ಳನ್ನು ಹೇಗೆ ಇಳಿಸಬೇಕು ಎಂದು ರೇಣವ್ವನ ಕೈ ಹಿಡಿಯದೆ ಗಾಳಿಯಲ್ಲೇ ತೋರಿಸಿ ಹೊರಟುಹೋದ.

ರೇಣವ್ವ ಇಳಿಸಿದಳು. ಅಮಾತೆಪ್ಪ ಹಾಡಿದ, ಚೆನ್ನಾಗಿಯೇ ಹಾಡಿದ. ಅವಳು ಈಗ ಅವನ ಸಾಲು ಮುಗಿಯುವುದನ್ನೇ ಕಾಯುತ್ತಿದ್ದಳು. ಒಂದು ಕಡೆ ಹುಲ್ಲಪ್ಪ ಹೌದು ಎನ್ನುವ ಮೊದಲು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಇನ್ನೊಂದು ಕಡೆ ತಡವಾಗಿ ಅಂದು, ತಪ್ಪು ಮುಚ್ಚಿಕೊಳ್ಳಲು ಮತ್ತೊಮ್ಮೆ ಅಂದ. ರೇಣವ್ವನಿಗೆ ನಗು ಬಂತು. ನಲವತ್ತು ವರ್ಷ ಅಮಾತೆಪ್ಪನ ದನಿಗೆ ಹೆಮ್ಮೆಪಟ್ಟಿದ್ದಳು, ನಗು ಎಂದೂ ಬಂದಿರಲಿಲ್ಲ.

"ಯವ್ವಾ, ಮನ್ಯಾಗೂ ಹಿಂಗ ಎಲ್ಲಾದಕ್ಕೂ ಹೌದ್ಹೌದು ಅಂತಿದ್ರೇನ?"

ಪದ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. "ಎಲ್ಲೀದ ತಗೀ! ಹೌದನ್ನೂದೆಲ್ಲಾ ಮೇಳದಾಗ ಮುಗಿಸಿ ಬರ್ತಿದ್ರು. ಮನ್ಯಾಗ ಏನ ಕೇಳಿದ್ರೂ ಒಲ್ಲೆ. ರೊಟ್ಟಿ ನೀಡ್ಲೇನ? ಒಲ್ಲೆ. ತವರಿಗೆ ಹೋಗಿ ಬರ್ಲೇನ? ಒಲ್ಲೆ. ಒಲ್ಲೆ ಅಂದು ನಾಕ ರೊಟ್ಟಿ ತಿಂತಿದ್ರು. ಮೊಂಡ ಮನಶ್ಯಾ."

"ಮತ್ತ?"

"ಮತ್ತೇನು? ತಲಿ ಬಾಚಕೋತಿರಲಿಲ್ಲ. ಕುರಿಮರಿ ಸತ್ರ ಊಟಾ ಬಿಡ್ತಿದ್ರು." ಪ್ಲೇಟಿನ ಹಾಡು ಮುಗಿದಿತ್ತು. ಮುಳ್ಳು ಕೊನೆಯ ಗೆರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು, ಇಬ್ಬರೂ ಅದರ ಕಡೆ ನೋಡಲಿಲ್ಲ. ರೇಣವ್ವ ಸ್ಟೂಲು ಎಳೆದುಕೊಂಡು ಅವ್ವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಇಷ್ಟು ಮಾತು ಅವ್ವ ಎಂದೂ ಆಡಿರಲಿಲ್ಲ.

"ಮನ್ಯಾಗ ಒಮ್ಮಿನೂ ಹೌದು ಅನ್ಲಿಲ್ಲೇನು?"

ಪದ್ಮವ್ವ ಯೋಚಿಸಿದಳು. ಹೊರಗೆ ಕಲ್ಲು ಕೊಯ್ಯುವ ಸದ್ದು ಊಟದ ಹೊತ್ತಿಗೆ ನಿಂತಿತು.

"ಒಮ್ಮಿ ಅಂದ್ರು. ತೊಟ್ಟಲಕ್ಕ ಹಾಕೂ ದಿನಾ. ಎಲ್ಲಾರೂ ಒಂದೊಂದ ಹೆಸರ ಹೇಳಾಕತ್ತಿದ್ರು, ಅವರು ಎಲ್ಲಾದಕ್ಕೂ ಒಲ್ಲೆ ಒಲ್ಲೆ ಅನಕೋತ ಕುಂತಿದ್ರು. ಮಂದೀಗೆ ಸಾಕಾಗಿ ಹೋತು. ಕಡೀಕ ನಾನ ಬಾಗಲ ಹಿಂದಿನಿಂದ ಕೇಳಿದೆ, ರೇಣವ್ವ ಅಂತ ಇಡೂಣೇನ್ರಿ ಅಂತ. ನಿನ್ನ ಮುಖಾ ನೋಡಿದ್ರು. ಹೌದು ಅಂದ್ರು."

"ಹಿಂಗನಾ? ಪ್ಲೇಟಿನ್ಯಾಗ ಅಂದಂಗನಾ?"

"ಅಲ್ಲ, ಹಂಗಲ್ಲ. ಬ್ಯಾರೆ."

"ಹೆಂಗಂದ್ರು? ಅಂದ ತೋರಸು."

"ಹುಚ್ಚಿ, ಅವರಂಗ ಅನ್ನಾಕ ನನಗೆಲ್ಲಿ ಬರ್ತೈತಿ?"

"ಅನ್ನಬೇ."

ಪದ್ಮವ್ವ ಬಾಗಿಲ ಕಡೆ ನೋಡಿದಳು, ಯಾರೂ ಬರುತ್ತಿರಲಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ದನಿಯನ್ನು ತಗ್ಗಿಸಿ, ಇನ್ನಷ್ಟು ತಗ್ಗಿಸಿ, ಗಂಡಸಿನ ದನಿ ಮಾಡಿಕೊಂಡು ಅಂದಳು:

"ಹೌದು."